ಹೊಸ ಕೋಣೆಗೆ ಎಂತಹ ನೆಲ?

ಸಂಸಾರ ದೊಡ್ಡದಾದಾಗಲೋ, ಹಿರಿಯರಿಗೆ ಮಹಡಿಯ ಮೆಟ್ಟಿಲೇರುವ ಶಕ್ತಿ ಕುಂದಿದಾಗಲೋ, ಹಳೆಯ ಮನೆಯ ಹಿತ್ತಲ ಕಡೆಗೆ ಒಂದು ಕೋಣೆಯನ್ನು ಸೇರಿಸಿ ಕಟ್ಟಿಸುವುದು ನಮ್ಮ ಮೇಲುಕೋಟೆಯಂತಹ ಊರುಗಳಲ್ಲಿ ವಾಡಿಕೆ. ಗೋಡೆ, ಮಾಳಿಗೆಗಳ ವಿಚಾರದಲ್ಲಿ ನಾಲ್ಕು ಮಂದಿಯನ್ನು ಕೇಳುವ ಗೃಹಸ್ಥರು ನೆಲದ ವಿಷಯ ಬಂದಾಗ ಮಾತ್ರ ಅಂಗಡಿಗೆ ಹೋಗಿ, ಹೊಳಪನ್ನು ನೋಡಿ, ಒಂದು ಗಳಿಗೆಯಲ್ಲಿ ನಿಶ್ಚಯಿಸಿಬಿಡುತ್ತಾರೆ. ನೆಲವನ್ನು ಆರಿಸಬೇಕಾದುದು ಕಣ್ಣಲ್ಲ, ಕಾಲು.

ಸಂಸ್ಕೃತದಲ್ಲಿ ಕಟ್ಟಿದ ನೆಲಕ್ಕೆ ಕುಟ್ಟಿಮವೆಂದು ಹೆಸರು. ಅಮರಕೋಶದಲ್ಲಿ ಬರುವ ಈ ಶಬ್ದವು ಕುಟ್ಟುವುದೆಂಬ ಅರ್ಥದ ಧಾತುವಿಗೆ ಸಂಬಂಧಿಸಿದುದು. ಇದರಲ್ಲಿಯೇ ಉಪದೇಶವೂ ಅಡಗಿದೆ. ಮೇಲೆ ಹಾಸುವ ಪದಾರ್ಥ ಯಾವುದೇ ಆಗಲಿ, ಕೆಳಗಿನ ಮಣ್ಣನ್ನು ಕುಟ್ಟಿ ಗಟ್ಟಿಮಾಡದಿದ್ದರೆ ಹಾಸಿದುದೆಲ್ಲ ವ್ಯರ್ಥ. ಹಳೆಯ ಮನೆಯ ನೆಲವು ಎಷ್ಟೋ ವರ್ಷಗಳಿಂದ ಕುಳಿತು ನಿಂತಿರುತ್ತದೆ. ಹೊಸ ಕೋಣೆಗೆ ತುಂಬಿದ ಮಣ್ಣಾದರೋ ಇನ್ನೂ ಇಳಿಯುತ್ತಿರುತ್ತದೆ. ಆದುದರಿಂದ ಎರಡೂ ಕೂಡುವ ಹೊಸ್ತಿಲಿನ ಬಳಿ ಬಿರುಕು ಕಾಣಿಸಿಕೊಳ್ಳುವುದು ಸಹಜ. ಮಣ್ಣನ್ನು ಅರ್ಧ ಅಡಿಯ ಪದರಗಳಾಗಿ ತುಂಬಿಸಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿಸಿ, ಅದರ ಮೇಲೆ ಸುಮಾರು 4 ಅಂಗುಲ ಜಲ್ಲಿ ಕಾಂಕ್ರೀಟನ್ನು ಹಾಕಿಸತಕ್ಕದ್ದು. ಅನುಕೂಲವುಳ್ಳವರು ಒಂದು ಮಳೆಗಾಲ ಕಳೆದ ಬಳಿಕ ಮೇಲಿನ ಹಾಸನ್ನು ಮಾಡಿಸಿದರೆ ಇನ್ನೂ ಉತ್ತಮ.

ಇನ್ನು ಪದಾರ್ಥಗಳ ಗುಣದೋಷಗಳು. ಸಿಮೆಂಟಿಗೆ ಕಾವಿಬಣ್ಣವನ್ನು ಬೆರೆಸಿ ತಿಕ್ಕಿದ ಕೆಂಪು ನೆಲವು ತಂಪು, ಬಳಸಿದಷ್ಟೂ ಹೊಳಪೇರುತ್ತದೆ. ಆದರೆ ಕೈಪಳಗಿದ ಗಾರೆಯವರು ಬೇಕು, ವಾರಕ್ಕೆ ಕಡಮೆಯಿಲ್ಲದೆ ನೀರುಣಿಸಬೇಕು. ಬಿರುಕುಬಿಟ್ಟರೆ ತೇಪೆಯ ಬಣ್ಣ ಹೊಂದುವುದಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು ಬಾಳಿಕೆಯುಳ್ಳದ್ದು. ಸುಣ್ಣಕಲ್ಲಿನ ಜಾತಿಯಾದ್ದರಿಂದ ನಿಂಬೆ, ಹುಣಿಸೆಗಳ ಹುಳಿ ಚೆಲ್ಲಿದಲ್ಲಿ ಕಲೆಯುಳಿಯುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಹೆಂಚಿನ ಕಸುಬಿನಲ್ಲಿ ನೆಲಕ್ಕೆ ಹಾಸುವ ಹೆಂಚೂ ಉಂಟು. ಅದು ಕಾಲಿಗೆ ಹಿತ, ಆದರೆ ಎಣ್ಣೆಯನ್ನು ಹೀರುತ್ತದೆ. ಈಗ ಎಲ್ಲೆಲ್ಲಿಯೂ ಕಾಣುವ ವಿಟ್ರಿಫೈಡ್ ಟೈಲುಗಳು ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ನೀರನ್ನು ಹೀರುವುದಿಲ್ಲ. ಗುಡಿಸಿ ಒರೆಸುವುದು ಸುಲಭ. ಆದರೆ ಹೊಳಪಿನ ಟೈಲೂ, ಪಾಲಿಷು ಮಾಡಿದ ಗ್ರಾನೈಟೂ ಒದ್ದೆಯಾದಾಗ ಜಾರುತ್ತವೆ.

ಮಯನ ಸಭೆಯಲ್ಲಿ ನೆಲವಾವುದು ನೀರಾವುದು ತಿಳಿಯದೆ ಬಿದ್ದ ದುರ್ಯೋಧನನನ್ನು ಕಂಡು ಜನ ನಕ್ಕರು. ನಮ್ಮ ಮನೆಯ ವೃದ್ಧರು ರಾತ್ರಿ ಬಚ್ಚಲಿಗೆಂದೆದ್ದು ಜಾರಿಬಿದ್ದರೆ ಅದು ನಗೆಯ ಮಾತಲ್ಲ. ಮುಪ್ಪಿನಲ್ಲಿ ಸೊಂಟದ ಮೂಳೆ ಮುರಿದವರು ಮೊದಲಿನಂತೆ ಓಡಾಡುವುದು ದುರ್ಲಭ. ಹಿರಿಯರಿಗೆಂದು ಕಟ್ಟಿಸಿದ ಕೋಣೆಯೇ ಅವರನ್ನು ಹಾಸಿಗೆ ಹಿಡಿಸುವಂತಾಗಬಾರದು. ಆದುದರಿಂದ ಅಂತಹ ಕೋಣೆಗೆ ಒರಟು ಮೈಯ ಟೈಲನ್ನಾಗಲಿ, ಪಾಲಿಷಿಲ್ಲದ ಕಲ್ಲನ್ನಾಗಲಿ ಆರಿಸುವುದು ವಿವೇಕ. ಹೊಸ ನೆಲವು ಹಳೆಯದರ ಸಮಕ್ಕೆ ಬರುವುದೂ ಅಷ್ಟೇ ಮುಖ್ಯ. ಅರ್ಧ ಅಂಗುಲದ ಏರಿಗೂ ಕಾಲು ಎಡವೀತು. ಟೈಲು ಮತ್ತು ಗಾರೆ ಸೇರಿ ಒಂದೂವರೆ, ಎರಡಂಗುಲ ದಪ್ಪವಾಗುವುದರಿಂದ, ಕಾಂಕ್ರೀಟು ಹಾಕುವ ಮೊದಲೇ ರಸಮಟ್ಟವಿಟ್ಟು ಗೋಡೆಯ ಮೇಲೆ ಗುರುತು ಹಾಕಿಸಿ.

ಲೆಕ್ಕವನ್ನೂ ಮನೆಯಲ್ಲಿಯೇ ಮಾಡಿಕೊಳ್ಳಿ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಗೆ 120 ಚದರಡಿ. ಕತ್ತರಿಸುವಾಗ ಹಾಳಾಗುವುದಕ್ಕೆ ಹತ್ತನೆಯ ಒಂದು ಪಾಲು ಸೇರಿಸಿದರೆ 132. ಎರಡಡಿ ಚೌಕದ ಟೈಲುಗಳಾದರೆ 33 ಬೇಕು. ಅದೇ ಬಣ್ಣ ಮುಂದೆ ದೊರೆಯದೆ ಹೋಗಬಹುದಾದ್ದರಿಂದ ಇನ್ನೆರಡನ್ನು ಅಟ್ಟದ ಮೇಲಿರಿಸುವುದು ಒಳ್ಳೆಯದು.

ಕೊಳ್ಳುವ ಮುನ್ನ ಮಾದರಿಯೊಂದನ್ನು ಮನೆಗೆ ತಂದು, ಅದರ ಮೇಲೆ ನೀರು ಚೆಲ್ಲಿ, ಗೋಡೆಯನ್ನು ಹಿಡಿದುಕೊಂಡು ಬರಿಗಾಲನ್ನು ಒತ್ತಿ ಸರಿಸಿ ನೋಡಿ. ಕಾಲು ಜಾರಿದರೆ, ಎಷ್ಟೇ ಅಂದವಾಗಿದ್ದರೂ ಅದನ್ನು ಅಂಗಡಿಗೆ ಹಿಂದಿರುಗಿಸಿಬಿಡಿ.