ಎರಡನೆಯ ವಿಮಾನವನ್ನೂ ಕಟ್ಟಿಯೇ ಹಾರಿಸಬೇಕು

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಸಂಘದ ಮಕ್ಕಳು ಎರಡು ತಿಂಗಳು ಕುಳಿತು ಕಿಟ್ ಜೋಡಿಸಿ ಕಟ್ಟಿದ ರೇಡಿಯೋ ನಿಯಂತ್ರಿತ ಮಾದರಿ ವಿಮಾನವು ಅರ್ಧ ನಿಮಿಷವೂ ಹಾರದೆ ಬಿದ್ದು ಮುರಿದುಹೋದದ್ದು ಎಲ್ಲರಿಗೂ ಗೊತ್ತೇ ಇದೆ. ಅದನ್ನು ಕಂಡ ಕಾರ್ಯಕಾರಿ ಸಮಿತಿಯ ಮಹನೀಯರು ಈ ವರ್ಷ ಜಾಣರಾಗಿದ್ದಾರೆ. ಕಿಟ್ ಬೇಡವಂತೆ, ಪೆಟ್ಟಿಗೆಯಿಂದ ತೆಗೆದು ರೆಕ್ಕೆ ಸಿಕ್ಕಿಸಿದರೆ ಹಾರುವ ಫೋಮ್ ವಿಮಾನವನ್ನೇ ಕೊಳ್ಳುವುದಂತೆ. "ಎರಡು ತಿಂಗಳು ಕೈಗೆ ಅಂಟು ಮೆತ್ತಿಕೊಂಡು ಮಕ್ಕಳು ಗಳಿಸಿದ್ದೇನು?" ಎಂದು ಖಜಾಂಚಿಗಳು ಕೇಳಿದರು. ಅಷ್ಟರಲ್ಲಿ ಚಹಾ ಬಂದದ್ದರಿಂದ ಸಭೆಯಲ್ಲಿ ಉತ್ತರಿಸಲಾಗಲಿಲ್ಲ. ಇಲ್ಲಿ ಉತ್ತರಿಸುತ್ತೇನೆ.

ವಿಮಾನ ಬಿದ್ದದ್ದು ಮಕ್ಕಳ ಕೈ ಸಾಲದೆ ಅಲ್ಲ. ರೆಕ್ಕೆಯ ನಡುವಿನ ಕೂಡಿಕೆ ಬಿದ್ದ ಮೇಲೂ ಬಿಟ್ಟಿರಲಿಲ್ಲ. ತಪ್ಪು ದೊಡ್ಡವರದು, ಅಂದರೆ ನನ್ನದೂ ಹೌದು. ಇಂಥ ವಿಮಾನದ ಗುರುತ್ವಕೇಂದ್ರವು ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಇರಬೇಕು. ಅಲ್ಲಿ ಎರಡೂ ಕಡೆ ಬೆರಳಿಟ್ಟು ಎತ್ತಿದರೆ ವಿಮಾನ ಸಮನಾಗಿ, ಇಲ್ಲವೆ ಮೂತಿ ತುಸು ಬಾಗಿ ನಿಲ್ಲಬೇಕು. ನಾವು ಹಾಗೆ ನೋಡಿಯೂ ಇದ್ದೆವು. ಆಮೇಲೆ ನಮ್ಮ ಹಿರಿಯರೊಬ್ಬರಿಗೆ ಕನ್ನಡಾಭಿಮಾನ ಉಕ್ಕಿ, ಬಾಲದ ತುಂಬ ಹಳದಿ ಕೆಂಪು ಬಣ್ಣವನ್ನು ಮೂರು ಸಲ ಬಳಿಸಿದರು. ಮತ್ತೆ ಬೆರಳಿಟ್ಟು ನೋಡಿದವರಿಲ್ಲ. ಬಾಲವು ಆ ಕೇಂದ್ರದಿಂದ ಮೂತಿಗಿಂತ ಎರಡು ಮೂರು ಪಟ್ಟು ದೂರ. ಅಲ್ಲಿ 10 ಗ್ರಾಂ ಹೆಚ್ಚಾದರೆ ಸರಿದೂಗಿಸಲು ಮೂತಿಯಲ್ಲಿ 20-30 ಗ್ರಾಂ ಸೀಸ ಬೇಕು. ಬಾಲ ಭಾರವಾದ ವಿಮಾನ ಮೂತಿ ಎತ್ತುತ್ತಲೇ ಹೋಗಿ, ವೇಗ ಕಳೆದುಕೊಂಡು ಕುಸಿಯುತ್ತದೆ. ಅಂದು ಆದದ್ದು ಅದೇ. ಇದನ್ನು ಪತ್ತೆ ಮಾಡಿದವಳು ಎಂಟನೆಯ ತರಗತಿಯ ಹುಡುಗಿ. ಮುರಿದ ಬಾಲವನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಬಣ್ಣಕ್ಕೆ ಮುಂಚೆ ತಾನು ಬರೆದಿಟ್ಟಿದ್ದ ತೂಕದೊಡನೆ ಹೋಲಿಸಿದಳು. ಖಜಾಂಚಿಗಳೇ, ಗಳಿಸಿದ್ದು ಇದು.

ಫೋಮ್ ವಿಮಾನವನ್ನು ನಾನು ಹಳಿಯುವುದಿಲ್ಲ. ಹಾರಿಸುವುದನ್ನು ಕಲಿಯುವವರಿಗೆ ಅದೇ ಮೇಲು. ಬಿದ್ದರೆ ಅಂಟಿಸಿ ಮತ್ತೆ ಹಾರಿಸಬಹುದು. ಆದರೆ ಇಪ್ಪತ್ತು ಮಕ್ಕಳಿಗೆ ಒಂದು ಸಿದ್ಧ ವಿಮಾನ ತಂದರೆ ಒಬ್ಬ ಹಾರಿಸುತ್ತಾನೆ, ಹತ್ತೊಂಬತ್ತು ಮಂದಿ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆಯ ಅಭ್ಯಾಸಕ್ಕೆ ನಮ್ಮ ರಾಜ್ಯೋತ್ಸವದ ಭಾಷಣಗಳು ಸಾಲವೆ?

ಖರ್ಚಿನ ಮಾತಿಗೂ ಹುರುಳಿಲ್ಲ. ಟ್ರಾನ್ಸ್‌ಮಿಟರ್, ರಿಸೀವರ್, ಸರ್ವೋಗಳು, ಮೋಟಾರು ಎಲ್ಲ ಹಳೆಯವೇ ನಡೆಯುತ್ತವೆ. ಪೆಟ್ಟು ತಿಂದ ಲಿಥಿಯಂ ಬ್ಯಾಟರಿಯೊಂದನ್ನು ಮಾತ್ರ ಮತ್ತೆ ಬಳಸಕೂಡದು. ಇನ್ನು ಬೇಕಾದದ್ದು ಬಾಲ್ಸಾ ಮರದ ಕಿಟ್, ಹೊದಿಕೆ, ಅಂಟು.

ಮೊದಲನೆಯದನ್ನು ನಾವು ಸೂಚನಾಪುಸ್ತಕಕ್ಕೆ ಹೆದರಿಕೊಂಡು ಕಟ್ಟಿದೆವು. ಎರಡನೆಯದರಲ್ಲಿ ಮಕ್ಕಳು ಅದರೊಡನೆ ವಾದಕ್ಕಿಳಿಯುತ್ತಾರೆ. ಬಾಲ್ಸಾದ ಒಂದೇ ಅಳತೆಯ ಎರಡು ಪಟ್ಟಿಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗುವುದುಂಟು; ಈ ಸಲ ಎಲ್ಲವನ್ನೂ ಮೊದಲೇ ತೂಗಿ, ಹಗುರವಾದುವನ್ನು ಬಾಲಕ್ಕೆ ತೆಗೆದಿಡಬೇಕೆಂದು ಅವರೇ ಪಟ್ಟಿ ಮಾಡಿದ್ದಾರೆ. ರೆಕ್ಕೆಯನ್ನು ಸಂಘದ ಕುಂಟು ಮೇಜಿನ ಮೇಲೆ ಕಟ್ಟಬಾರದು, ತಳ ಸೊಟ್ಟಗಿದ್ದರೆ ರೆಕ್ಕೆ ತಿರುಚಿಕೊಳ್ಳುತ್ತದೆ ಎಂದೂ ಬರೆದಿದ್ದಾರೆ. (ಆ ಮೇಜಿನ ಬಗ್ಗೆ ನಾನು ಮೂರು ವರ್ಷದಿಂದ ಹೇಳುತ್ತಿದ್ದೇನೆ.)

ರೈಟ್ ಸೋದರರ ಎರಡನೆಯ ಗ್ಲೈಡರ್ 1901ರಲ್ಲಿ, ಅವರು ಲೆಕ್ಕ ಹಾಕಿದ್ದರ ಮೂರನೆಯ ಒಂದರಷ್ಟೇ ಎತ್ತುವ ಬಲ ಕೊಟ್ಟಿತು. ಸಿದ್ಧ ವಿಮಾನದ ಅಂಗಡಿ ಆಗ ಇರಲಿಲ್ಲ, ಪುಣ್ಯ. ಆ ವರ್ಷದ ಕೊನೆಗೆ ಅವರು ಗಾಳಿಸುರಂಗವೊಂದನ್ನು ಕಟ್ಟಿ, ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. 1902ರ ಗ್ಲೈಡರ್ ಚೆನ್ನಾಗಿ ಹಾರಿತು.

ಮುಂದಿನ ಸಭೆಯಲ್ಲಿ ಈ ವಿಷಯ ಮತಕ್ಕೆ ಬರಲಿದೆ. ತಂದೆತಾಯಂದಿರು ಮಕ್ಕಳನ್ನೂ ಕರೆತರಬೇಕೆಂದು ವಿನಂತಿ. ಮುರಿದ ಬಾಲವನ್ನು ನಾನು ತರುತ್ತೇನೆ, ತಕ್ಕಡಿಯನ್ನು ಆ ಹುಡುಗಿ ತರುತ್ತಾಳೆ. ಖಜಾಂಚಿಗಳು ಖುದ್ದಾಗಿ ತೂಗಿ ನೋಡಲಿ.