ನಾನು ತೆರೆದ ಮೊದಲ ಬೀಗ



ಕಳೆದ ದೀಪಾವಳಿ ರಜೆಗೆ ಮಗ ಪುಣೆಯ ಹಾಸ್ಟೆಲಿನಿಂದ ಮನೆಗೆ ಬಂದಿದ್ದ. ಒಗೆಯಲೆಂದು ಅವನ ಚೀಲ ಕೊಡವಿದರೆ ಕೊಳೆ ಬಟ್ಟೆಯ ಜೊತೆಗೆ ಒಂದು ಪುಟ್ಟ ಸಂಚಿ ಬಿತ್ತು. ಬಿಚ್ಚಿ ನೋಡುತ್ತೇನೆ, ಹಲ್ಲಿನ ಡಾಕ್ಟರ ಬಳಿ ಇರುವಂಥ ತೆಳ್ಳನೆಯ ಉಕ್ಕಿನ ಕಡ್ಡಿಗಳು, ಜೊತೆಗೆ ನಾಲ್ಕು ಬೀಗಗಳು! ಎದೆ ಧಸಕ್ಕೆಂದಿತು. ಇಂಜಿನಿಯರಿಂಗ್ ಓದಲು ಕಳಿಸಿದ ಮಗ ಕನ್ನ ಹಾಕುವುದನ್ನು ಕಲಿತನೇ?

ಕೇಳಿದರೆ ಅವನಿಗೆ ನಗು. “ಅಮ್ಮಾ, ಇದು ಹಾಬಿ. ನೀನು ಪದಬಂಧ ಬಿಡಿಸ್ತೀಯಲ್ಲ, ಹಾಗೇ.” ಬೀಗ ಬಿಡಿಸುವ ಈ ಹವ್ಯಾಸಿಗಳಿಗೆ ತಾವು ತೆರೆದ ಮೊದಲ ಬೀಗ ಎಂದೂ ಮರೆಯುವುದಿಲ್ಲವಂತೆ. ಮಗನದು ಅವನದೇ ಕಪಾಟಿನ ಬೀಗ. ಎರಡು ರಾತ್ರಿ ಬರೇ ಬೆರಳು ನೋವು. ಮೂರನೆಯ ರಾತ್ರಿ ಎರಡು ಗಂಟೆಗೆ ಇದ್ದಕ್ಕಿದ್ದಂತೆ ಬೀಗ ಕೈಯಲ್ಲೇ ಬಿಚ್ಚಿಕೊಂಡಿತು. ಸಂತೋಷ ಹೇಳಿಕೊಳ್ಳೋಣವೆಂದರೆ ಹಾಸ್ಟೆಲಿಗೆ ಹಾಸ್ಟೆಲೇ ಗೊರಕೆ ಹೊಡೆಯುತ್ತಿತ್ತು. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. ಮೊದಲ ಸಲ ಸೈಕಲ್ ಬೀಳಿಸದೆ ಓಡಿಸಿದ ದಿನ ಅವನ ಮುಖ ಹಾಗಿತ್ತು.

(ಅಂದಹಾಗೆ, ನಮ್ಮ ಧಾರವಾಡದ ಕಡೆ ಬೀಗಕ್ಕೆ ‘ಕೀಲಿ’ ಅನ್ನುತ್ತೇವೆ. ಮದುವೆಯಾಗಿ ಮುಂಬಯಿಗೆ ಬಂದಾಗ ಮೈಸೂರಿನ ನೆರೆಮನೆಯಾಕೆಗೆ “ಕೀಲಿ ಹಾಕಿ ಬರ್ತೀನ್ರಿ” ಎಂದರೆ ಆಕೆ ಕಣ್ಣು ಕಣ್ಣು ಬಿಡುತ್ತಿದ್ದಳು!)

ಮಗನೇ ಬೀಗದ ಒಳಗನ್ನು ಬಿಡಿಸಿ ತೋರಿಸಿದ. ನಮ್ಮ ಮನೆಬಾಗಿಲಿನ ಬೀಗದ ಒಳಗೆ ಒಂದು ಉರುಳೆ, ಅದನ್ನು ತಿರುಗದಂತೆ ತಡೆದು ನಿಂತ ಸಣ್ಣ ಸಣ್ಣ ಮೊಳೆಗಳ ಸಾಲು. ಪ್ರತಿ ಮೊಳೆಯೂ ಎರಡು ತುಂಡು, ಮೇಲೊಂದು ಸ್ಪ್ರಿಂಗು. ಸರಿಯಾದ ಕೀಲಿಕೈ ಒಳಹೋದರೆ ಎಲ್ಲ ಮೊಳೆಗಳ ಸಂದೂ ಒಂದೇ ಗೆರೆಗೆ ಬರುತ್ತದೆ, ಉರುಳೆ ತಿರುಗುತ್ತದೆ. ಯಾವ ಕಾರ್ಖಾನೆಯೂ ಕೂದಲೆಳೆಯಷ್ಟೂ ತಪ್ಪದಂತೆ ಬೀಗ ಮಾಡಲಾರದು. ಆದ್ದರಿಂದ ಉರುಳೆಯನ್ನು ಮೆಲ್ಲಗೆ ಒತ್ತಿ ಹಿಡಿದರೆ ಮೊಳೆಗಳು ಒಟ್ಟಿಗೇ ಬಿಗಿಯುವುದಿಲ್ಲ, ಒಂದಾದ ಮೇಲೊಂದು ಬಿಗಿಯುತ್ತವೆ. ಬಿಗಿದದ್ದನ್ನು ಹುಡುಕಿ ಎತ್ತಿದರೆ ಸಣ್ಣಗೆ ‘ಟಿಕ್’ ಅನ್ನುತ್ತದೆ. ಆಮೇಲೆ ಮುಂದಿನದು. ಬಲ ಹಾಕಿದರೆ ಕೆಟ್ಟಿತು. ಹದ ತಿಳಿಯಬೇಕು, ನಮ್ಮ ಹೋಳಿಗೆಯ ಕಣಕದ ಹಾಗೆ.

ಇದು ಇಂದಿನ ಹುಡುಗಾಟವೇನಲ್ಲ. ಲಂಡನ್ನಿನ ಬ್ರಾಮಾ ಎಂಬ ಬೀಗದ ಕಂಪನಿ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವಿಟ್ಟು, ತೆರೆದವರಿಗೆ 200 ಗಿನಿ ಬಹುಮಾನವೆಂದು ಬೋರ್ಡು ಹಾಕಿತ್ತು. ಆರು ದಶಕ ಯಾರಿಗೂ ಆಗಲಿಲ್ಲ. 1851ರ ಮಹಾ ಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್, ಮೊದಲು ಚಬ್ ಕಂಪನಿಯ ಹೆಸರಾಂತ ಬೀಗವನ್ನು ಸುಮಾರು 25 ನಿಮಿಷದಲ್ಲಿ ತೆರೆದ. ಆಮೇಲೆ ಬ್ರಾಮಾ ಬೀಗದ ಮುಂದೆ ಕೂತ. 16 ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಅದನ್ನೂ ತೆರೆದ! ಬೀಗದ ಗುಟ್ಟು ಕಳ್ಳರಿಗೆ ಮೊದಲೇ ಗೊತ್ತು, ತಿಳಿಯಬೇಕಾದವರು ಸಭ್ಯರು ಎಂಬುದು ಅವನ ವಾದ.

ಇನ್ನೊಬ್ಬರು ನೀವು ಪಠ್ಯದಲ್ಲಿ ಕೇಳಿರುವ ರಿಚರ್ಡ್ ಫೈನ್‌ಮನ್, 1965ರ ನೊಬೆಲ್ ಪಡೆದ ಭೌತವಿಜ್ಞಾನಿ. ಎರಡನೇ ಮಹಾಯುದ್ಧದಲ್ಲಿ ಲಾಸ್ ಅಲಮೋಸ್‌ನಲ್ಲಿ ಅಣುಬಾಂಬಿನ ಕೆಲಸ ನಡೆದಾಗ ಅಲ್ಲಿನ ಬೀಗಗಳೇ ಅವರ ಆಟಿಕೆ. 1985ರಲ್ಲಿ ಬಂದ ನೆನಪಿನ ಪುಸ್ತಕದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಕಪಾಟು ತೆರೆದಿದ್ದಾಗ ಮಾತಾಡುತ್ತಲೇ ಬೀಗದ ಮೂರು ಸಂಖ್ಯೆಗಳಲ್ಲಿ ಕೊನೆಯ ಎರಡನ್ನು ಬೆರಳಲ್ಲಿ ಓದಿಬಿಡುತ್ತಿದ್ದರಂತೆ. ಒಮ್ಮೆ ಸಹೋದ್ಯೋಗಿಯೊಬ್ಬರ ಕಪಾಟಿಗೆ 27-18-28 ಎಂದು ಪ್ರಯತ್ನಿಸಿದರು, ತೆರೆಯಿತು. ಗಣಿತದ ‘ಇ’ ಎಂಬ ಸ್ಥಿರಾಂಕ 2.71828 ಅಲ್ಲವೇ! ಅವರ ಒಂಬತ್ತು ಕಪಾಟಿಗೂ ಅದೇ ಸಂಖ್ಯೆ. ನಿಮ್ಮ ಪಾಸ್‌ವರ್ಡ್ ಹುಟ್ಟಿದ ದಿನವೇ ಆಗಿದ್ದರೆ ನಗಬೇಡಿ.

ಒಬ್ಬ ಕರ್ನಲ್‌ಗೆ ಫೈನ್‌ಮನ್ ಆತನ ಬೀಗವನ್ನೇ ತೆರೆದು ತೋರಿಸಿ, ಕೆಲಸದ ಹೊತ್ತಿನಲ್ಲಿ ಕಪಾಟು ತೆರೆದಿಡುವುದು ಅಪಾಯ ಎಂದು ಎಚ್ಚರಿಸಿದರು. ಕರ್ನಲ್ ಏನು ಮಾಡಿದ ಗೊತ್ತೇ? ಫೈನ್‌ಮನ್ ಯಾರ ಕೋಣೆಗೆ ಹೋಗಿದ್ದರೋ ಅವರೆಲ್ಲ ಬೀಗದ ಸಂಖ್ಯೆ ಬದಲಿಸಬೇಕೆಂದು ಸುತ್ತೋಲೆ ಕಳಿಸಿದ! ರೋಗ ಹೇಳಿದ ವೈದ್ಯನನ್ನೇ ರೋಗ ಎಂದಂತೆ.

ಜರ್ಮನಿಯಲ್ಲಿ 1997ರಲ್ಲೇ ಈ ಹವ್ಯಾಸಿಗಳ ಸಂಘ ಹುಟ್ಟಿದೆ, ಸ್ಪರ್ಧೆಗಳೂ ನಡೆಯುತ್ತವೆ. ಹವ್ಯಾಸಿಗಳು ಪಾಲಿಸುವ ನಿಯಮ ಎರಡೇ ಎಂದ ಮಗ. ನಿನ್ನದಲ್ಲದ ಬೀಗವನ್ನು ಒಡೆಯನ ಒಪ್ಪಿಗೆಯಿಲ್ಲದೆ ಮುಟ್ಟಬೇಡ. ಬಳಕೆಯಲ್ಲಿರುವ ಬೀಗವನ್ನು ಬಿಡಿಸಬೇಡ. “ಹಾಗಾದರೆ ನಿನ್ನ ಕಪಾಟು?” ಎಂದೆ. “ಖಾಲಿ ಮಾಡಿ, ಬೀಗ ಕೈಗೆ ತಗೊಂಡೇ ಮಾಡಿದ್ದು. ನಿನ್ನ ಮೊದಲ ಬೀಗ ಯಾವುದು ಅಮ್ಮಾ?” ಎಂದು ನಗುತ್ತಾ ಕೇಳಿದ.

ನನಗೆ ನಗು ಬರಲಿಲ್ಲ. ನಾನೂ ಒಂದು ಬೀಗ ತೆರೆದವಳೇ.

ಮಗಳು ಹತ್ತನೇ ತರಗತಿಯಲ್ಲಿದ್ದಾಗ ತಗಡಿನ ಪೆಟ್ಟಿಗೆಯೊಂದಕ್ಕೆ ಪುಟ್ಟ ಬೀಗ ಹಾಕಿಟ್ಟಿದ್ದಳು. ಒಂದು ಮಧ್ಯಾಹ್ನ ಕೈ ತಡೆಯಲಿಲ್ಲ. ಸೂಟ್‌ಕೇಸಿನ ಕೀಲಿಕೈ ಹಾಕಿದೆ, ತೆರೆಯಿತು. ಅಗ್ಗದ ಬೀಗಗಳಲ್ಲಿ ಒಂದರ ಕೀಲಿ ಇನ್ನೊಂದಕ್ಕೆ ಆಗುವುದುಂಟು. ಒಳಗೆ ಡೈರಿ. ಗಣಿತದ ಟೆಸ್ಟಿನಲ್ಲಿ ಹನ್ನೊಂದು ಅಂಕ ಬಂದಿದೆ, ಅಮ್ಮನಿಗೆ ಹೇಳಿದರೆ ಅಳುತ್ತಾಳೆ, ಹೇಗೆ ಹೇಳಲಿ ಎಂದು ಬರೆದಿದ್ದಳು. ಇದ್ದ ಹಾಗೆಯೇ ಮುಚ್ಚಿಟ್ಟೆ. ಆದರೆ ಸಂಜೆ ಚಪಾತಿ ಬಡಿಸುತ್ತಾ, “ಗಣಿತಕ್ಕೆ ಟ್ಯೂಷನ್ ಹಾಕೋಣವೇನೇ?” ಎಂದು ಬಾಯಿ ಜಾರಿತು. ಅವಳು ನನ್ನ ಮುಖವನ್ನೇ ನೋಡಿದಳು, ಒಂದು ಮಾತೂ ಆಡಲಿಲ್ಲ. ಮರುದಿನ ಪೆಟ್ಟಿಗೆ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಬೀಗವೂ ಇಲ್ಲ, ಒಳಗೆ ಏನೂ ಇಲ್ಲ.

ಆಮೇಲೆ ಅವಳ ಸುದ್ದಿಯೆಲ್ಲ ಮೊದಲು ಅವಳ ಅತ್ತೆಗೆ ತಿಳಿಯುತ್ತಿತ್ತು, ಎರಡು ದಿನ ಬಿಟ್ಟು ನನಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನಾದೀತು? ತಾಯಿಯ ಕಾಳಜಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹನ್ನೆರಡು ವರ್ಷ ಕಳೆದೆ.

ಆ ರಾತ್ರಿ ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಫೋನು ಮಾಡಿ, ತಪ್ಪಾಯಿತು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು: “ಸೂಟ್‌ಕೇಸಿನ ಕೀಲಿ ಅದಕ್ಕೆ ಆಗುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತಮ್ಮ. ನೀನು ತೆಗೆಯಲ್ಲ ಅಂದ್ಕೊಂಡಿದ್ದೆ.”

ಮಕ್ಕಳೇ, ಆ ಬೀಗ ಅಷ್ಟು ದಿನ ಭದ್ರವಾಗಿದ್ದದ್ದು ಅವಳ ಆ ನಂಬಿಕೆಯಿಂದ ಎಂದು ನನಗೆ ಆಗ ತಿಳಿಯಿತು. ಗೆಳತಿಯ ಫೋನಿನ ಪ್ಯಾಟರ್ನು ನಿಮಗೆ ಗೊತ್ತಿರಬಹುದು, ತಮ್ಮನ ಪಾಸ್‌ವರ್ಡೂ ಗೊತ್ತಿರಬಹುದು. ಕೈ ತುರಿಸಿದಾಗ ಆ ಎರಡು ನಿಯಮ ನೆನಪಿಸಿಕೊಳ್ಳಿ. ನಿಮ್ಮ ಅಮ್ಮನೂ ಈ ಪತ್ರಿಕೆ ಓದುತ್ತಾರಲ್ಲ? ಈ ಪುಟವನ್ನು ಮೆಲ್ಲಗೆ ಅವರ ಮುಂದೆ ತೆರೆದಿಡಿ, ಸಾಕು.

ಮಗಳು ಈಗ ಭಾನುವಾರ ಬೆಳಿಗ್ಗೆ ತಾನೇ ಫೋನು ಮಾಡುತ್ತಾಳೆ. ಮಗ ನನಗೊಂದು ಅಭ್ಯಾಸದ ಬೀಗ ಬಿಟ್ಟುಹೋಗಿದ್ದಾನೆ. ಮೂರು ವಾರವಾಯಿತು, ಇನ್ನೂ ತೆರೆದಿಲ್ಲ. ತೆರೆದ ದಿನ ನಿಮಗೆ ಖಂಡಿತ ತಿಳಿಸುತ್ತೇನೆ. ಅದನ್ನೇ ನನ್ನ ಮೊದಲ ಬೀಗ ಎಂದು ಹೇಳಿಕೊಳ್ಳುವಾಸೆ.