ಬಯಾಪ್ಸಿ ವರದಿಯ ಒಂದು ಪದ ಸಾಲದು

ಹೊಟ್ಟೆಯಲ್ಲಿ ಏನೇ ಆದರೂ ನಮ್ಮಲ್ಲಿ ಅದು ‘ಗ್ಯಾಸ್ಟ್ರಿಕ್’. ಮೆಡಿಕಲ್ ಶಾಪಿನಿಂದ ಪ್ಯಾಂಟೊಪ್ರಜೋಲ್ ತಂದು ತಿಂಗಳುಗಟ್ಟಲೆ ನುಂಗುತ್ತೇವೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗಿ, ತೂಕವೂ ಇಳಿದ ಮೇಲಷ್ಟೇ ಎಂಡೋಸ್ಕೋಪಿ. ಅಲ್ಲಿ ಜಠರದ ಗೋಡೆ ದಪ್ಪಗಾಗಿದೆ, ಹುಣ್ಣಿದೆ ಎಂದರೆ ಸಾಕು, ಮನೆಯವರೆಲ್ಲ ಕ್ಯಾನ್ಸರ್ ಎಂದು ತೀರ್ಮಾನಿಸಿಬಿಡುತ್ತಾರೆ.

ಅದು ಸಾರ್ಕಾಯ್ಡೋಸಿಸ್ ಕೂಡ ಇರಬಹುದು. ದೇಹದ ರಕ್ಷಣಾ ಕಣಗಳು ಗುಂಪುಗೂಡಿ ಗ್ರ್ಯಾನುಲೋಮ ಎಂಬ ಪುಟ್ಟ ಗಂಟುಗಳನ್ನು ಕಟ್ಟುವ ಕಾಯಿಲೆ ಇದು. ಕಾರಣ ಇಂದಿಗೂ ಖಚಿತವಾಗಿಲ್ಲ. ಹೆಚ್ಚಾಗಿ ತಟ್ಟುವುದು ಶ್ವಾಸಕೋಶಕ್ಕೆ. ಜೀರ್ಣಾಂಗದ ತೊಂದರೆಯಾಗಿ ಕಾಣಿಸುವುದು ಈ ರೋಗಿಗಳಲ್ಲಿ ಶೇ 1ಕ್ಕೂ ಕಡಿಮೆ ಮಂದಿಗೆ. ಹಾಗೆ ಕಾಣಿಸಿದರೆ ಮೊದಲ ಗುರಿ ಜಠರ, ಅದರಲ್ಲೂ ಕೆಳಭಾಗ. ಕೆಲವೊಮ್ಮೆ ಗೋಡೆ ಪೂರ್ತಿ ಬಿಗಿದು, ಜಠರದ ಒಂದು ಉಗ್ರ ಬಗೆಯ ಕ್ಯಾನ್ಸರಿನಂತೆಯೇ ತೋರುತ್ತದೆ. ಪೆಟ್ ಸ್ಕ್ಯಾನ್ ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ: ಸಾರ್ಕಾಯ್ಡ್ ಗಂಟುಗಳೂ ಅದರಲ್ಲಿ ಹೊಳೆಯುತ್ತವೆ.

ಹಾಗಾದರೆ ಬಯಾಪ್ಸಿಯಲ್ಲಿ ಗ್ರ್ಯಾನುಲೋಮ ಸಿಕ್ಕಿತೆಂದರೆ ಕ್ಯಾನ್ಸರ್ ಇಲ್ಲವೇ? ನನ್ನ ತಕರಾರು ಈ ನೆಮ್ಮದಿಯ ಬಗ್ಗೆಯೇ. ಕ್ಯಾನ್ಸರ್ ಗಡ್ಡೆಯ ಸುತ್ತಮುತ್ತ, ಅದರ ಪಕ್ಕದ ದುಗ್ಧಗ್ರಂಥಿಗಳಲ್ಲಿ ಇಂಥವೇ ಗಂಟುಗಳು ಮೂಡುವುದುಂಟು. 1986ರಲ್ಲಿ ಸಂಶೋಧಕ ಬ್ರಿಂಕರ್ ಪ್ರಕಟಿಸಿದ ಅವಲೋಕನದ ಪ್ರಕಾರ ಕಾರ್ಸಿನೋಮಾ ರೋಗಿಗಳಲ್ಲಿ ಶೇ 4.4 ಮಂದಿಗೆ ಹೀಗಾಗುತ್ತದೆ. ಎಂಡೋಸ್ಕೋಪಿಯ ಚಿಮಟ ಗೋಡೆಯ ಮೇಲ್ಪದರವನ್ನಷ್ಟೇ ಚಿವುಟಿ ತಂದರೆ ಒಳಗಿನ ಗಡ್ಡೆ ಸಿಗದೆ ಹೋಗಬಹುದು. ಸಾರ್ಕಾಯ್ಡೋಸಿಸ್ ಮುಂದೆ ಜಠರದ ಕ್ಯಾನ್ಸರಾಗಿ ತಿರುಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಎರಡೂ ಒಬ್ಬರಲ್ಲೇ ಕಂಡ ಬಿಡಿ ಪ್ರಕರಣಗಳಿವೆ, ಅಷ್ಟೆ. ಅಪಾಯವಿರುವುದು ಒಂದನ್ನು ಇನ್ನೊಂದೆಂದು ತಿಳಿಯುವುದರಲ್ಲಿ.

ನಮ್ಮ ದೇಶದಲ್ಲಿ ಇಂಥವೇ ಗಂಟು ಕಟ್ಟುವ ಕ್ಷಯವೂ ಇದೆ. ಕ್ಷಯದ ಗಂಟು ಸಾಮಾನ್ಯವಾಗಿ ನಡುವೆ ಕೊಳೆತಿರುತ್ತದೆ, ಸಾರ್ಕಾಯ್ಡ್ ಗಂಟು ಹಾಗಲ್ಲ. ಆದರೆ ಚಿಕ್ಕ ಚೂರಿನಲ್ಲಿ ಈ ವ್ಯತ್ಯಾಸ ಕಾಣದಿರಬಹುದು. ಸಾರ್ಕಾಯ್ಡೋಸಿಸ್‌ಗೆ ಕೊಡುವ ಸ್ಟೆರಾಯ್ಡ್ ಕ್ಷಯವನ್ನು ಕೆರಳಿಸುತ್ತದೆ. ಕ್ಷಯ, ಶಿಲೀಂಧ್ರ, ಕ್ರೋನ್ಸ್ ಎಂಬ ಕರುಳಿನ ಉರಿಯೂತ ಇವನ್ನೆಲ್ಲ ತಳ್ಳಿಹಾಕಿ, ಎದೆಯ ಸಿ.ಟಿ. ನೋಡಿದ ಮೇಲೆಯೇ ಮಾತ್ರೆ ಶುರುವಾಗಬೇಕು.

ವರದಿಯಲ್ಲಿ ‘ಗ್ರ್ಯಾನುಲೋಮ’ ಎಂದಿದ್ದರೆ ವೈದ್ಯರನ್ನು ಎರಡು ಮಾತು ಕೇಳಿ: ಕ್ಷಯದ ಪರೀಕ್ಷೆ ಆಗಿದೆಯೇ? ಇನ್ನೂ ಆಳದಿಂದ ಚೂರು ತೆಗೆಯಬೇಕೇ? ಚಿಕಿತ್ಸೆ ಶುರುವಾದ ಮೇಲೂ ಹುಣ್ಣು ಮಾಯದಿದ್ದರೆ ಮತ್ತೆ ಬಯಾಪ್ಸಿ ಮಾಡಿಸಿ. ಲ್ಯಾಬಿನಿಂದ ಸ್ಲೈಡು, ಬ್ಲಾಕು ಕೇಳಿ ಪಡೆದು ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸಲು ಸಂಕೋಚ ಬೇಡ.